ಆಟಿ ಅಮಾವಾಸ್ಯೆಯ ಮಾತ್ರೆ

ಕಾಯಿಲೆಗಳಲ್ಲಿಯೂ ಮಾನ ಮರ್ಯಾದೆ ಇರುವಂಥವು, ಇಲ್ಲದಂಥವು ಎಂದು ಎರಡು ಜಾತಿ ಇವೆ ಎಂಬುದು ನನಗೆ ಐವತ್ತೆರಡನೆಯ ವಯಸ್ಸಿನಲ್ಲಿ ಗೊತ್ತಾಯಿತು. ಹೃದಯದ ತೊಂದರೆ ಬಂದವನ ಮನೆಗೆ ಜನ ಕಿತ್ತಳೆ ಹಣ್ಣು ಹಿಡಿದುಕೊಂಡು ಬರುತ್ತಾರೆ, ಬಾಗಿಲಿನಲ್ಲಿಯೇ ದನಿ ತಗ್ಗಿಸುತ್ತಾರೆ. ಕಾಲು ಮುರಿದವನಿಗೆ ಬಸ್ಸಿನಲ್ಲಿ ಸೀಟು ಸಿಗುತ್ತದೆ. ನನಗೆ ಬಂದದ್ದು ಥೈರಾಯ್ಡ್ ನಿಧಾನವಾಗುವ ಕಾಯಿಲೆ. ಕುತ್ತಿಗೆಯೊಳಗೆ ಚಿಟ್ಟೆಯ ಆಕಾರದ ಗ್ರಂಥಿಯೊಂದಿದೆಯಂತೆ. ಅದು ಒಂದು ದಿನ ಯಾರಿಗೂ ಹೇಳದೆ ಕೇಳದೆ ಕೆಲಸ ಬಿಟ್ಟು ಕುಳಿತುಬಿಡುತ್ತದೆ. ಅದು ಕುಳಿತ ಮೇಲೆ ಅದರ ಯಜಮಾನನೂ ಕುಳಿತುಬಿಡುತ್ತಾನೆ. ಗ್ರಂಥಿಯನ್ನು ಯಾರೂ ಬೈಯುವುದಿಲ್ಲ. ಸೋಮಾರಿ ಎಂಬ ಹೆಸರು ಬರುವುದು ಯಜಮಾನನಿಗೆ. ಹಣ್ಣು ತರುವ ಮಾತು ಹಾಗಿರಲಿ, ಕ್ಯಾಬೇಜು ತಿನ್ನಬೇಡಿ ಎಂದು ಹೇಳಲು ಮಾತ್ರ ಜನ ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ ಬರುತ್ತಾರೆ.

ನಾನು ಪುತ್ತೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನು. ಎಂಎಸ್ಸಿ ಓದಿದ ಕಾಲದಿಂದಲೂ ಯಾರು ಏನು ಹೇಳಿದರೂ "ಆಧಾರ ಎಂತ ಉಂಟು?" ಎಂದು ಕೇಳುವುದು ನನ್ನ ಅಭ್ಯಾಸ. ಈ ಅಭ್ಯಾಸದಿಂದ ಗೆಳೆಯರು ಕಡಿಮೆಯಾಗಿದ್ದಾರೆ, ಆದರೆ ಉಳಿದವರು ಗಟ್ಟಿ. ಎರಡು ನಿಮಿಷ ಒಂದೆಡೆ ಕುಳಿತುಕೊಳ್ಳಲಾರದ ಮನುಷ್ಯ ಎಂದು ನನ್ನ ಹೆಂಡತಿ ಸುಜಾತಾ ಮೊದಲೆಲ್ಲ ದೂರುತ್ತಿದ್ದಳು. ಈಗ ಅದೇ ಬಾಯಿಯಲ್ಲಿ, ಕುಳಿತಲ್ಲಿಂದ ಏಳುವುದಿಲ್ಲ ಎಂದು ದೂರುತ್ತಾಳೆ. ಒಳಗಿನ ಚಡಪಡಿಕೆ ಹಾಗೆಯೇ ಇದೆ, ಅದನ್ನು ಹೊತ್ತು ತಿರುಗುವ ದೇಹ ಮಾತ್ರ ಒಪ್ಪುತ್ತಿಲ್ಲ ಎಂದು ಹೇಗೆ ವಿವರಿಸುವುದು? ಏಪ್ರಿಲ್ ತಿಂಗಳಲ್ಲಿ ಇಡೀ ಪುತ್ತೂರು ಬೆವರಿನಲ್ಲಿ ಮುಳುಗಿರುವಾಗ ಸ್ಟಾಫ್ ರೂಮಿನಲ್ಲಿ ಫ್ಯಾನ್ ಆಫ್ ಮಾಡಿ ಎಂದು ಹೇಳಿದವನು ನಾನೊಬ್ಬನೇ. ಸಹೋದ್ಯೋಗಿಗಳು ನನ್ನನ್ನು ನೋಡಿದ ನೋಟವನ್ನು ನಾನು ಯಾವ ಶತ್ರುವಿಗೂ ಬಯಸುವುದಿಲ್ಲ. ಒಂದೇ ಊಟ ಮಾಡಿದರೂ ಪ್ಯಾಂಟು ತಿಂಗಳಿಗೊಮ್ಮೆ ಬಿಗಿಯಾಗುತ್ತಿತ್ತು. ಪರೀಕ್ಷಾ ಕೊಠಡಿಯ ಮೇಲ್ವಿಚಾರಣೆಗೆ ಹೋದರೆ ನಕಲು ಮಾಡುವ ಹುಡುಗರು ನನ್ನನ್ನು ಎಬ್ಬಿಸಬಾರದೆಂದು ಹಾಳೆ ಮಗುಚುವುದನ್ನೂ ಮೆಲ್ಲಗೆ ಮಾಡುತ್ತಿದ್ದರು.

ಕೊನೆಗೆ ರಕ್ತ ಪರೀಕ್ಷೆಯಾಯಿತು. ಗ್ರಂಥಿಗೆ ಕೆಲಸ ಮಾಡು ಎಂದು ಹೇಳುವ ಟಿಎಸ್‌ಎಚ್ ತುಂಬಾ ಏರಿದೆ, ಆದ್ದರಿಂದ ಥೈರಾಯ್ಡ್ ತುಂಬಾ ಇಳಿದಿದೆ ಎಂದರು ಡಾಕ್ಟರು. ಭೌತಶಾಸ್ತ್ರದವನಾದ ನನಗೆ ಇದು ಅರ್ಥವಾಯಿತು: ಕೆಲಸಗಾರ ಮಲಗಿದಷ್ಟೂ ಮೇಸ್ತ್ರಿಯ ಕೂಗು ಜೋರಾಗುತ್ತದೆ. ರಕ್ತದಲ್ಲಿ ಅಳೆಯುವುದು ಮೇಸ್ತ್ರಿಯ ಕೂಗನ್ನು. ಆದರೆ ಇದನ್ನು ನೆಂಟರಿಗೆ ವಿವರಿಸಲು ಹೋಗಿ ನಾನು ಸೋತಿದ್ದೇನೆ. "ಏರಿದ್ದಾ ಇಳಿದದ್ದಾ, ಒಂದು ಸರಿ ಹೇಳಿ ಮಾರಾಯ್ರೆ" ಎಂದು ಎದ್ದು ಹೋದವರೇ ಹೆಚ್ಚು.

ಚೀಟಿ ಹಿಡಿದುಕೊಂಡು ನನ್ನ ಹಳೆಯ ಸಹಪಾಠಿ ಹಮೀದನ ಮೆಡಿಕಲ್ ಶಾಪಿಗೆ ಹೋದೆ. ಅವನು ಚೀಟಿಯನ್ನು ದೂರ ಹಿಡಿದು ಓದಿ, "ಸುಜಾತಕ್ಕನಿಗೆ ಥೈರಾಯ್ಡಾ? ಯಾವಾಗಿನಿಂದ?" ಎಂದ.

"ನನಗೆ."

"ನಿನಗಾ!" ಎಂದು ಅವನು ಹೇಳಿದ ರಭಸಕ್ಕೆ ಅಂಗಡಿಯಲ್ಲಿದ್ದ ಮೂವರು ಹೆಂಗಸರು ತಿರುಗಿ ನೋಡಿದರು. "ಗಂಡಸರಿಗೂ ಬರ್ತದಾ ಮಾರಾಯ ಅದು?"

"ಮದ್ದು ಮಾರುವವನು ನೀನು. ನನ್ನ ಹತ್ರ ಕೇಳುದಾ?"

"ಅಲ್ಲ, ಬರ್ತದೆ ಅಂತ ಕೇಳಿದ್ದೇನೆ. ಕಂಡದ್ದು ಈಗ."

ಹೀಗೆ ಹೇಳಿ ಅವನು ನೂರು ಮಾತ್ರೆಗಳ ಬಾಟ್ಲಿಯನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಕಪ್ಪು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ, ಆಚೀಚೆ ನೋಡಿ ನನ್ನ ಕೈಗೆ ಕೊಟ್ಟ. ಹೆಂಗಸರು ಕೊಳ್ಳುವ ಕೆಲವು ವಸ್ತುಗಳನ್ನು ನಮ್ಮೂರಿನ ಅಂಗಡಿಗಳಲ್ಲಿ ಹೀಗೆ ಪೇಪರು ಸುತ್ತಿ ಕೊಡುವ ಕ್ರಮ ಇದೆ. ಅದರಲ್ಲಿ ಮುಚ್ಚಿಡುವಂಥದ್ದು ಏನಿದೆ ಎಂದು ನಾನೇ ಹಿಂದೆ ಹಮೀದನ ಹತ್ತಿರ ವಾದಿಸಿದ್ದೆ. ಈಗ ಮನೆಯವರೆಗೂ ಆ ಕಪ್ಪು ತೊಟ್ಟೆಯನ್ನು ನಾನು ಮಡಿಲಲ್ಲಿ ಮುಚ್ಚಿಕೊಂಡು ಹೋದದ್ದು ಯಾಕೆಂದು ನನಗೆ ಇಂದಿಗೂ ತಿಳಿಯುವುದಿಲ್ಲ.

ಚಳಿ, ತೂಕ, ನಿದ್ದೆ ಎಲ್ಲವನ್ನೂ ಸಹಿಸಬಹುದು. ನನ್ನ ಸಿಟ್ಟು ಇರುವುದು ಮರೆವಿನ ಮೇಲೆ. ರಿಜಿಸ್ಟರ್ ನೋಡದೆ ಅರುವತ್ತು ಹುಡುಗರ ನಂಬರು ಹೇಳುತ್ತಿದ್ದ ಮನುಷ್ಯ ನಾನು. ಆದರೆ ಕಳೆದ ವರ್ಷ ರಾಮಕುಂಜದಲ್ಲಿ ಒಂದು ಮದುವೆಗೆ ಹೋಗಿ, ವೇದಿಕೆ ಹತ್ತಿ, ಮದುಮಗನ ಕೈ ಕುಲುಕಿ, "ನಿನ್ನ ಹೆಸರು ಎಂತ ಮಾರಾಯ?" ಎಂದು ಕೇಳಿದೆ. ಅವನು ಮೂರು ವರ್ಷ ನನ್ನ ವಿದ್ಯಾರ್ಥಿಯಾಗಿದ್ದವನು. ಅವನ ಹೆಸರು ಹಿಂದಿನ ಗೋಡೆಯ ಮೇಲೆ ಹೂವಿನಲ್ಲಿ ಬರೆದಿತ್ತು. ಇಷ್ಟಾದರೆ ಮರೆತೆ ಎಂದು ಒಪ್ಪಿಕೊಂಡು ಸುಮ್ಮನಿರುತ್ತಿದ್ದೆ. ಕಷ್ಟವೇನೆಂದರೆ, ಈ ಕಾಯಿಲೆ ಇದ್ದದ್ದನ್ನು ಅಳಿಸುವುದು ಮಾತ್ರವಲ್ಲ, ಇಲ್ಲದ್ದನ್ನೂ ಬರೆದುಬಿಡುತ್ತದೆ ಎಂದು ನನಗೆ ಅನುಮಾನ. ಗ್ಯಾಸ್ ಆಫ್ ಮಾಡಿದ್ದು ನನಗೆ ಸ್ಪಷ್ಟವಾಗಿ ನೆನಪಿರುತ್ತದೆ, ಒಲೆಯ ನಾಬ್ ತಿರುಗಿಸಿದ ಸದ್ದೂ ಕಿವಿಯಲ್ಲಿರುತ್ತದೆ. ಹೋಗಿ ನೋಡಿದರೆ ಹಾಲು ಉಕ್ಕಿ ಕೆಳಗೆ ಹರಿದಿರುತ್ತದೆ.

ಮಾತ್ರೆ ಶುರುವಾಗಿ ಕೆಲವು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದರೆ ಮೇಸ್ತ್ರಿಯ ಕೂಗು ಒಂದಿಷ್ಟೂ ತಗ್ಗಿರಲಿಲ್ಲ. ಡಾಕ್ಟರು ರಿಪೋರ್ಟಿನಿಂದ ಕಣ್ಣೆತ್ತಿ, "ದಿನಾ ತಗೊಳ್ತೀರಲ್ಲ ಸರ್? ಬೆಳಿಗ್ಗೆ ಖಾಲಿ ಹೊಟ್ಟೆಗೆ? ಮತ್ತೆ ಒಂದು ಗಂಟೆ ಚಾ ಗೀ ಎಂತ ಇಲ್ಲ?" ಎಂದು ಕೇಳಿದರು.

"ಒಂದು ದಿನವೂ ತಪ್ಪಿಲ್ಲ."

ಡಾಕ್ಟರು ನನ್ನನ್ನು ಬಿಟ್ಟು ಸುಜಾತಾಳನ್ನು ನೋಡಿದರು. ಸುಜಾತಾ ಗೋಡೆಯ ಮೇಲಿನ ಮೂತ್ರಪಿಂಡದ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು. "ಮೇಡಂ, ನೀವೇ ಕೊಟ್ಟರೆ ಒಳ್ಳೇದಿತ್ತು. ಮುಂದಿನ ಸಲವೂ ಹೀಗೇ ಇದ್ದರೆ ಡೋಸ್ ಏರಿಸಬೇಕಾಗ್ತದೆ" ಎಂದರು.

ಇಪ್ಪತ್ತೆಂಟು ವರ್ಷ ಪಾಠ ಮಾಡಿದವನಿಗೆ ಹೆಂಡತಿ ಕೈಯಲ್ಲಿ ಮಾತ್ರೆ ಇಟ್ಟು ಬಾಯಿ ತೆರೆ ಎನ್ನಬೇಕೇ? ಆಟೋದಲ್ಲಿಯೇ ಪಂಥ ಕಟ್ಟಿದೆ. ಹೊಸ ಬಾಟ್ಲಿಯ ಸೀಲು ಇಂದು ಒಡೆಯುತ್ತೇನೆ. ಮುಂದಿನ ರಿಪೋರ್ಟಿನೊಳಗೆ ಒಂದು ದಿನ ತಪ್ಪಿದರೂ ಬಾಟ್ಲಿ ಅವಳ ಕೈಗೆ. "ಬಾಟ್ಲಿ ಮಾತ್ರ ಅಲ್ಲ" ಎಂದಳು ಸುಜಾತಾ. "ಇನ್ನು ಮನೆಯಲ್ಲಿ ಯಾರು ಎಂತ ಹೇಳಿದ್ದು, ಎಂತ ಮಾಡಿದ್ದು ಅಂತ ಜಗಳ ಬಂದರೆ ನಾನು ಹೇಳಿದ್ದೇ ಕೊನೆ. ಆಧಾರ ಕೇಳ್ಲಿಕ್ಕಿಲ್ಲ." ನನ್ನ ಆತ್ಮವಿಶ್ವಾಸ ಎಷ್ಟಿತ್ತೆಂದರೆ, ಒಪ್ಪಿದೆ.

ಆಧಾರಕ್ಕಾಗಿ ಅಡುಗೆಮನೆಯ ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ, ಮಾತ್ರೆ ನುಂಗಿದ ಕೂಡಲೇ ಆ ದಿನದ ಚೌಕದಲ್ಲಿ ಪೆನ್ಸಿಲಿನಿಂದ ಟಿಕ್ ಹಾಕುವುದೆಂದು ತೀರ್ಮಾನವಾಯಿತು. ಇದರಲ್ಲಿ ನನಗೆ ಸ್ವಲ್ಪ ಗರ್ವವೂ ಇತ್ತು. ಪ್ರಯೋಗಾಲಯದಲ್ಲಿ ನಾನು ಅತ್ಯಂತ ದ್ವೇಷಿಸುವುದು ಪ್ರಯೋಗ ಮಾಡುವ ಮೊದಲೇ ರೀಡಿಂಗ್ ಬರೆದಿಡುವ ಹುಡುಗರನ್ನು. ಲೋಲಕ ಇನ್ನೂ ತೂಗಿರುವುದಿಲ್ಲ, ಇಪ್ಪತ್ತು ತೂಗಾಟದ ಸಮಯ ಪುಸ್ತಕದಲ್ಲಿ ಅಚ್ಚುಕಟ್ಟಾಗಿ ಕುಳಿತಿರುತ್ತದೆ. ಅಂಥ ರೆಕಾರ್ಡ್ ಪುಸ್ತಕಗಳನ್ನು ನಾನು ಕಿಟಕಿಯಿಂದ ಹೊರಗೆ ಎಸೆದಿದ್ದೇನೆ. ಒಮ್ಮೆ ಒಂದು ಪುಸ್ತಕ ಪ್ರಾಂಶುಪಾಲರ ಕಾರಿನ ಮೇಲೆ ಬಿದ್ದದ್ದೂ ಉಂಟು.

ಹೀಗಿರುವಾಗ ಮಳೆಗಾಲದ ನಡುವಿನ ತುಳು ತಿಂಗಳಾದ ಆಟಿಯ ಅಮಾವಾಸ್ಯೆ ಬಂತು. ಆ ದಿನ ಸೂರ್ಯ ಹುಟ್ಟುವ ಮೊದಲು ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು, ಕತ್ತಿ ಮುಟ್ಟಿಸದೆ ತಂದು, ಓಮ, ಕಾಳುಮೆಣಸು, ಬೆಳ್ಳುಳ್ಳಿ ಹಾಕಿ ಅರೆದು, ರಸ ಹಿಂಡಿ, ಕಾಯಿಸಿದ ಬೆಣಚು ಕಲ್ಲನ್ನು ಅದರಲ್ಲಿ ಚುಂಯ್ ಎನ್ನಿಸಿ ಕುಡಿಯುವುದು ನಮ್ಮ ಕಡೆ ಎಲ್ಲರ ಮನೆಯ ಕ್ರಮ. ಕಹಿ ಎಂದರೆ ಕಿವಿಯಲ್ಲಿಯೂ ಕಹಿ. ವರ್ಷದ ಎಲ್ಲ ಕಾಯಿಲೆಗೂ ಅದೊಂದೇ ಮದ್ದು ಎಂಬ ನಂಬಿಕೆ. ಆಧಾರ ಎಂತ ಉಂಟು ಎಂದು ನಾನು ಇಪ್ಪತ್ತು ವರ್ಷಗಳಿಂದ ಕೇಳುತ್ತಿದ್ದೇನೆ. ಈ ಸಲ ಸುಜಾತಾಳ ತವರುಮನೆ ಐವರ್ನಾಡಿಗೆ ಹಿಂದಿನ ಸಂಜೆಯೇ ಹೋದೆವು. ಗಮನಿಸಬೇಕಾದದ್ದೇನೆಂದರೆ, ಈ ಕಷಾಯವನ್ನೂ ಖಾಲಿ ಹೊಟ್ಟೆಗೇ ಕುಡಿಯಬೇಕು. ನನ್ನ ಮಾತ್ರೆಯನ್ನೂ ಖಾಲಿ ಹೊಟ್ಟೆಗೇ ನುಂಗಬೇಕು. ನನ್ನ ಹತ್ತಿರ ಖಾಲಿ ಹೊಟ್ಟೆ ಇರುವುದು ಒಂದೇ, ಅದೂ ಬೆಳಗಿನ ಹೊತ್ತು ಮಾತ್ರ. ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ ಕಷಾಯ ಬೇಡ ಎನ್ನಲು ನನಗೆ ಡಾಕ್ಟರರೇ ಕೊಟ್ಟ ಕಾರಣ ಸಿಕ್ಕಿತ್ತು.

ಬೆಳಿಗ್ಗೆ ಅತ್ತೆ ಹಬೆಯಾಡುವ ಲೋಟ ಹಿಡಿದುಕೊಂಡು ಜಗಲಿಗೆ ಬಂದರು. "ತೆಕ್ಕೊಳ್ಳಿ, ಬಿಸಿ ಉಂಟು."

"ಬೇಡ ಅತ್ತೆ. ಮಾತ್ರೆ ತಗೊಂಡಾಯ್ತು. ಇನ್ನು ಒಂದು ಗಂಟೆ ಹೊಟ್ಟೆಗೆ ಎಂತದೂ ಹೋಗಬಾರದು."

"ಅಯ್ಯೋ, ಯಾವಾಗ ತಗೊಂಡದ್ದು?"

"ಆಗಲೇ. ಬಾವಿಕಟ್ಟೆಯ ಹತ್ರ. ಕೊಡಪಾನದ ನೀರಲ್ಲಿ."

"ಬಾವಿಕಟ್ಟೆಯಲ್ಲಿ ನಾನೇ ಇದ್ದದ್ದಲ್ಲ ಬಾವ, ಹಾಲೆ ಕೆತ್ತೆ ತೊಳೀತಾ!" ಎಂದ ಸುಜಾತಾಳ ತಮ್ಮ ಒಳಗಿನಿಂದ. "ನೀವು ಬಂದ್ರಿ, ಹಲ್ಲುಜ್ಜಿದ್ರಿ, ಈ ಕಷಾಯಕ್ಕೆ ಆಧಾರ ಎಂತ ಉಂಟು ಅಂತ ಕೇಳಿದ್ರಿ, ಹೋದ್ರಿ. ಮಾತ್ರೆ ನಾನು ನೋಡ್ಲಿಲ್ಲ."

ನನಗೆ ಮೈ ಉರಿಯಿತು. ನಾಲಿಗೆಯ ಮೇಲೆ ಮಾತ್ರೆ ಕರಗಿದ ರುಚಿ, ಗಂಟಲಿನಲ್ಲಿ ಇಳಿದ ತಣ್ಣಗಿನ ನೀರು, ಎಲ್ಲ ನೆನಪಿದೆ. ಸುಜಾತಾ ಒಂದೇ ಮಾತು ಹೇಳಿದಳು: "ಕಿಸೆಯಲ್ಲಿ ಪೊಟ್ಟಣ ಉಂಟಲ್ಲ, ಬಿಡಿಸಿ."

ಬಿಡಿಸಿದೆ. ಎರಡು ಮಾತ್ರೆಗಳು ನನ್ನನ್ನು ನೋಡಿದವು.

"ನಾನೇ ಕಟ್ಟಿ ಕೊಟ್ಟದ್ದು. ಇವತ್ತಿಗೊಂದು, ನಾಳೆಗೊಂದು."

"ನೀನು ಮೂರು ಕಟ್ಟಿರಬಹುದು."

"ಮೂರನೇದು ಯಾರಿಗೆ? ನನ್ನ ತಮ್ಮನಿಗಾ?"

ಅತ್ತೆ ಮಾತ್ರ ನನ್ನ ಪರ ನಿಂತರು. ವಯಸ್ಸಾದ ಮೇಲೆ ಎಲ್ಲರಿಗೂ ಹೀಗೆ ಆಗುತ್ತದೆ, ಅವರನ್ನು ಯಾಕೆ ಜೋರು ಮಾಡುವುದು ಎಂದು ಮಗಳಿಗೆ ಹೇಳಿದರು. ಅತ್ತೆಗೆ ಎಪ್ಪತ್ತೆಂಟು ವರ್ಷ. ಆ ಕರುಣೆಗಿಂತ ಸುಜಾತಾಳ ಜೋರೇ ವಾಸಿ ಎನ್ನಿಸಿತು. ಎಲ್ಲರ ಕಣ್ಣೆದುರು ಒಂದು ಮಾತ್ರೆ ನುಂಗಿದೆ. ಕಷಾಯದ ಲೋಟವನ್ನು ಒಂದು ಗಂಟೆ ಕಳೆದು ಕುಡಿಯುತ್ತೇನೆಂದು ಹಿತ್ತಿಲಿಗೆ ಕೊಂಡುಹೋಗಿ, ಯಾರೂ ನೋಡದಾಗ ಬಸಳೆಯ ಬುಡಕ್ಕೆ ಚೆಲ್ಲಿದೆ. ಅದು ತತ್ವದ ಪ್ರಶ್ನೆಯಾಗಿತ್ತು. ಆಮೇಲೆ ಮೆಂತೆ ಗಂಜಿಗೆ ಕುಳಿತಾಗ ಎಲ್ಲರಿಗೂ ಕೇಳುವಂತೆ ಹೇಳಿದೆ: "ಇವತ್ತು ಮನೆ ಬದಲಾದ್ದಕ್ಕೆ ಸ್ವಲ್ಪ ಗಲಿಬಿಲಿ ಆದದ್ದು. ಪುತ್ತೂರಿನಲ್ಲಿ ಕ್ಯಾಲೆಂಡರ್ ಉಂಟು. ನಿನ್ನೆಯವರೆಗಿನ ಒಂದೊಂದು ದಿನಕ್ಕೂ ಟಿಕ್ ಉಂಟು. ಬಂದು ಬೇಕಾದ್ರೆ ನೋಡಿ."

"ನೋಡುವಾ" ಎಂದಳು ಸುಜಾತಾ.

ಮರುದಿನ ಮಧ್ಯಾಹ್ನ ಪುತ್ತೂರಿಗೆ ಬಂದವನು ಚಪ್ಪಲಿಯನ್ನೂ ಕಳಚದೆ ಅಡುಗೆಮನೆಗೆ ನುಗ್ಗಿದೆ. ಟಿಕ್‌ಗಳು ಇದ್ದವು. ಒಂದನೇ ತಾರೀಕಿನಿಂದ ಸಾಲಾಗಿ, ಒಂದೂ ಬಿಡದೆ. ಐವರ್ನಾಡಿನಲ್ಲಿದ್ದ ಅಮಾವಾಸ್ಯೆಯ ದಿನಕ್ಕೂ ಟಿಕ್ ಇತ್ತು. ಇವತ್ತಿಗೂ ಇತ್ತು. ನಾಳೆಗೂ ಇತ್ತು. ತಿಂಗಳ ಕೊನೆಯ ಚೌಕದವರೆಗೂ, ಒಂದೇ ಪೆನ್ಸಿಲಿನ, ಒಂದೇ ಓರೆಯ, ಒಂದೇ ಸಲಕ್ಕೆ ಹಾಕಿದ ಅಚ್ಚುಕಟ್ಟಾದ ಟಿಕ್‌ಗಳು. ಆಗ ನಿಧಾನವಾಗಿ ನೆನಪಾಯಿತು. ಹಾಳೆ ಮಗುಚಿದ ದಿನ, ಟಿಕ್ ಹಾಕಲು ಎಲ್ಲಾದರೂ ಮರೆತುಹೋದರೆ ಎಂದು ಹೆದರಿ, ಎಲ್ಲವನ್ನೂ ಒಟ್ಟಿಗೇ ಹಾಕಿಟ್ಟಿದ್ದೆ. ಆಮೇಲೆ ಪ್ರತಿದಿನ ಬೆಳಿಗ್ಗೆ ಬಂದು, ಟಿಕ್ ನೋಡಿ, ಓಹೋ ಮಾತ್ರೆ ತಗೊಂಡಾಯಿತು ಎಂದು ತೃಪ್ತಿಯಿಂದ ಹೋಗಿರಬೇಕು. ಬಾಟ್ಲಿಯನ್ನು ಮೇಜಿನ ಮೇಲೆ ಸುರಿದು ಎಣಿಸಿದೆ. ಒಡೆದು ಮೂವತ್ತು ದಿನವಾಗಿತ್ತು. ಎಪ್ಪತ್ತು ಉಳಿಯಬೇಕಿದ್ದಲ್ಲಿ ಎಂಬತ್ತೊಂದು ಇದ್ದವು.

ರಬ್ಬರ್ ಹುಡುಕಿ ತಂದು ನಾಳೆಯ ಟಿಕ್ಕನ್ನು ಉಜ್ಜುತ್ತಿದ್ದಾಗ ಬೆನ್ನ ಹಿಂದೆ ಸುಜಾತಾ ನಿಂತಿದ್ದಳು.

"ಯಾಕೆ ಉದ್ದುದು? ಇರಲಿ ಬಿಡಿ. ಇನ್ನು ಹದಿನೆಂಟು ದಿನದ್ದು ನೀವು ಆಗಲೇ ತಗೊಂಡಾಗಿದೆ."

ನನ್ನ ಕೈಯಲ್ಲಿ ರಬ್ಬರ್ ಇತ್ತು. ಕಿಟಕಿಯಿಂದ ಹೊರಗೆ ಎಸೆದ ರೆಕಾರ್ಡ್ ಪುಸ್ತಕಗಳೆಲ್ಲ ಒಂದೊಂದಾಗಿ ಕಣ್ಣೆದುರು ಹಾರಿ ಒಳಗೆ ಬಂದವು. ಆ ಹುಡುಗರಾದರೂ ತಾವು ಬರೆದದ್ದು ಸುಳ್ಳೆಂದು ತಿಳಿದಿದ್ದವರು. ನಾನು ನನ್ನ ರೀಡಿಂಗನ್ನು ನಾನೇ ನಂಬಿದವನು.

ಈಗ ಬಾಟ್ಲಿ ಅವಳ ವಶದಲ್ಲಿದೆ. ಬೆಳಿಗ್ಗೆ ಆರಕ್ಕೆ ನೀರಿನೊಂದಿಗೆ ಬರುತ್ತಾಳೆ, ನುಂಗುವವರೆಗೆ ನಿಲ್ಲುತ್ತಾಳೆ, ಬಾಯಿ ತೆರೆಯಲು ಮಾತ್ರ ಇನ್ನೂ ಹೇಳಿಲ್ಲ. ಮೇಸ್ತ್ರಿಯ ಕೂಗು ತಗ್ಗಿದೆಯಂತೆ. ಸ್ಟಾಫ್ ರೂಮಿನ ಫ್ಯಾನಿನ ಬಗ್ಗೆ ನಾನೀಗ ಏನೂ ಹೇಳುವುದಿಲ್ಲ. ಇಷ್ಟೆಲ್ಲ ಬರೆದು, ನಿನ್ನೆ ಅವಳಿಗೆ ಓದಲು ಕೊಟ್ಟೆ. ನಡುವೆ ಎರಡು ಸಲ ನಕ್ಕಳು. ಕೊನೆಯವರೆಗೆ ಓದಿ, ಹಿಂದಿನ ಪುಟಕ್ಕೆ ಬೆರಳಿಟ್ಟಳು.

"ಕಷಾಯ ಬಸಳೆಯ ಬುಡಕ್ಕಾ? ಗಂಟೆ ಆದ ಕೂಡ್ಲೆ ಗಟಗಟ ಕುಡಿದು, 'ಇನ್ನು ಸ್ವಲ್ಪ ಉಂಟಾ ಅತ್ತೆ' ಅಂತ ಕೇಳಿದ್ದು ಯಾರು? ಮರೆವಿಗೂ ಮದ್ದಾಗ್ತದೆ ಅಂತ ಅಮ್ಮ ಹೇಳಿದ ಮೇಲೆ?"

ಸುಳ್ಳು. ಶುದ್ಧ ಸುಳ್ಳು. ಬಸಳೆಯ ದಪ್ಪ ಎಲೆಯ ಮೇಲೆ ಹಸುರು ಹನಿಗಳು ಉರುಳಿದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಆದರೆ ಪಂಥದ ಪ್ರಕಾರ ನಾನು ಆಧಾರ ಕೇಳುವಂತಿಲ್ಲ. ಅವಳು ಆಚೆ ಹೋದ ಮೇಲೆ ಆಧಾರ ಹುಡುಕಿಕೊಂಡು ಮೆಲ್ಲಗೆ ಅಡುಗೆಮನೆಗೆ ಹೋಗಿ ಆ ತಿಂಗಳ ಹಾಳೆಯನ್ನು ಮಗುಚಿ ನೋಡಿದೆ. ಅಮಾವಾಸ್ಯೆಯ ಚೌಕದಲ್ಲಿ ಟಿಕ್ ಇದೆ, ಬಹಳ ಸ್ಪಷ್ಟವಾಗಿದೆ.