ನಲವತ್ತೇಳನೆಯ ಡಬ್ಬಿ

ಕಸ ಗುಡಿಸದೆ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಒಂಬತ್ತು ವರ್ಷ ಕೂತಿದ್ದ ಧೂಳು ಇನ್ನೊಂದು ದಿನ ಕೂತಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು? ಆದರೆ ಮಧ್ಯಾಹ್ನ ಮೂರು ಗಂಟೆಗೆ ತಪಾಸಣೆಯ ಮೇಡಂ ಬರುವವರಿದ್ದರು. ಹಾಗಾಗಿ ಟೆಲಿಫೋನ್ ಎಕ್ಸ್‌ಚೇಂಜಿನ ಸಾಹೇಬರು ಬೆಳಗ್ಗೆಯೇ ತೋಳು ಮಡಿಸಿ, ತಾವೇ ಬಟ್ಟೆ ಹಿಡಿದು ಒರೆಸಲು ನಿಂತರು. ಯಂತ್ರಗಳ ಸಾಲಿನ ಕೊನೆಯಲ್ಲಿ ಕ್ಲರ್ಕಮ್ಮ ದಿನಾ ತಮ್ಮ ಊಟದ ಕ್ಯಾರಿಯರ್ ಇಡುತ್ತಿದ್ದ ಒಂದು ಮಣೆ ಇತ್ತು. ಕ್ಯಾರಿಯರ್ ಎತ್ತಿ, ಅದರಡಿಯ ಹಳೇ ಬಟ್ಟೆ ಸರಿಸಿದರೆ, ಮಣೆ ಹಸಿರು ಕಣ್ಣು ಮಿಟುಕಿಸಿತು.

ಅದು ಮಣೆಯಲ್ಲ, ಕಬ್ಬಿಣದ ಡಬ್ಬಿ. ಮೈಮೇಲೆ ಹೆಸರಿಲ್ಲ, ನಂಬರಿಲ್ಲ. ಹಿಂದೆ ಮೂರು ತಂತಿ, ಮೂರೂ ಗೋಡೆಯೊಳಗೆ ನುಗ್ಗಿದ್ದವು. ಸಾಹೇಬರು ಎರಡು ಸಲ ಎಣಿಸಿದರು. ಅವರ ಪಟ್ಟಿಯಲ್ಲಿದ್ದದ್ದು ನಲವತ್ತಾರು ಯಂತ್ರ. ಕೋಣೆಯಲ್ಲಿದ್ದದ್ದು ನಲವತ್ತೇಳು.

ಈ ಪಟ್ಟಿಯ ಕತೆ ಹೇಳಿಬಿಡಬೇಕು. ದೇಶದ ಸಂಪರ್ಕ ಜಾಲವನ್ನು ಭದ್ರ ಮಾಡಬೇಕೆಂದು ಸರ್ಕಾರ ಮೂರು ವರ್ಷದ ಕೆಳಗೆ ಟೊಂಕ ಕಟ್ಟಿತ್ತು. ಎಕ್ಸ್‌ಚೇಂಜುಗಳಲ್ಲಿ ಯಾವ ಯಂತ್ರ ಇದೆ, ಅದು ಎಲ್ಲಿಂದ ಬಂತು, ಏನು ಮಾಡುತ್ತದೆ ಎಂದು ಗೊತ್ತಿಲ್ಲದಿದ್ದರೆ ಕಳ್ಳ ಒಳಗೆ ಕೂತಿದ್ದರೂ ಗೊತ್ತಾಗುವುದಿಲ್ಲವಲ್ಲ! ಮಾತು ಸರಿಯಾದದ್ದೇ. ಹಾಗಾಗಿ ಸುತ್ತೋಲೆ ಬಂತು. ಪ್ರತಿ ಯಂತ್ರಕ್ಕೂ ನಾಲ್ಕು ಕಾಲಂ: ಹೆಸರು, ಮೂಲ, ಕೆಲಸ, ಬಲ್ಲವರು. ಕೆಳಗೆ ಸಣ್ಣಕ್ಷರದಲ್ಲಿ ಎರಡು ಷರಾ. ಗೊತ್ತಿಲ್ಲದ್ದನ್ನು ಗೊತ್ತೆಂದು ಬರೆದವರ ಮೇಲೆ ಕ್ರಮ ಕೈಗೊಳ್ಳಲಾಗುವುದು. ಮತ್ತು ‘ಬಲ್ಲವರು’ ಕಾಲಮ್ಮಿನಲ್ಲಿ ಹೆಸರಿರುವವರನ್ನು ಆ ಯಂತ್ರ ಬದಲಾಗುವವರೆಗೆ ಎಲ್ಲಿಗೂ ವರ್ಗ ಮಾಡತಕ್ಕದ್ದಲ್ಲ.

ಈ ಎರಡನೆಯ ಷರಾ ಓದಿದ ದಿನ ಸಾಹೇಬರಿಗೆ ನಿದ್ದೆ ಹಾರಿಹೋಗಿತ್ತು. ಅವರ ಹೆಂಡತಿ ಒಂದು ಹಗಲಿನ ಪ್ರಯಾಣದಷ್ಟು ದೂರದ ದೊಡ್ಡಾಸ್ಪತ್ರೆಯಲ್ಲಿ ನರ್ಸು. ಎಂಟು ವರ್ಷದ ಮಗಳು ಶಾಲೆಯಲ್ಲಿ ‘ನಮ್ಮ ಅಪ್ಪ’ ಎಂಬ ಪ್ರಬಂಧಕ್ಕೆ ‘ನಮ್ಮ ಅಪ್ಪ ತಿಂಗಳಿಗೆ ಎರಡು ಸಲ ಬರುತ್ತಾರೆ’ ಎಂದು ಶುರು ಹಚ್ಚಿದ್ದಳು. ಒಂಬತ್ತು ವರ್ಷ ಬೇಡಿದ ಮೇಲೆ ಕೊನೆಗೂ ವರ್ಗದ ಆದೇಶ ತಯಾರಾಗಿತ್ತು. ಪಟ್ಟಿ ಸರಿಯಿದ್ದರೆ ಮೇಡಂ ಇವತ್ತೇ ಸಹಿ ಹಾಕಿ ಕೊಡುವವರಿದ್ದರು.

ಸಾಹೇಬರೇನು ಕಡಿಮೆ ಆಸಾಮಿಯೇ? ಮೂರು ತಿಂಗಳು ಲೈನ್‌ಮನ್ನನ್ನೂ ಕ್ಲರ್ಕಮ್ಮನನ್ನೂ ಎದುರಿಗೆ ಕೂರಿಸಿಕೊಂಡು ಒಂದೊಂದು ಯಂತ್ರದ ಕೆಲಸವನ್ನೂ ಬಾಯಿಪಾಠ ಮಾಡಿಸಿದ್ದರು. ಇಪ್ಪತ್ತಮೂರು ಯಂತ್ರಕ್ಕೆ ಲೈನ್‌ಮನ್ ಬಲ್ಲವ, ಇಪ್ಪತ್ತಮೂರಕ್ಕೆ ಕ್ಲರ್ಕಮ್ಮ ಬಲ್ಲವರು. ಇಬ್ಬರಿಗೂ ಊರಲ್ಲೇ ಸ್ವಂತ ಮನೆ. ವರ್ಗವಾಗದಿದ್ದರೆ ಅವರಿಗೆ ಅದಕ್ಕಿಂತ ಸಂತೋಷವಿಲ್ಲ. ನಲವತ್ತಾರು ಸಾಲಿನಲ್ಲಿ ಎಲ್ಲೂ ಸಾಹೇಬರ ಹೆಸರಿಲ್ಲ. ಪಟ್ಟಿಯ ಪ್ರಕಾರ ಅವರಷ್ಟು ದಡ್ಡ ಮನುಷ್ಯ ಇಡೀ ಇಲಾಖೆಯಲ್ಲಿ ಇನ್ನೊಬ್ಬನಿರಲಿಲ್ಲ. ಅದೇ ಅವರ ಹೆಮ್ಮೆಯಾಗಿತ್ತು.

“ಕ್ಲರ್ಕಮ್ಮಾ, ಇದೇನಿದು?”

“ಅದಾ ಸರ್? ಊಟ ಬಿಸಿ ಇಡೋದು.”

“ರೀ, ಸರ್ಕಾರ ನಿಮ್ಮ ಊಟ ಬಿಸಿ ಇಡಕ್ಕೆ ಡಬ್ಬಿ ಕೂರ್ಸಿದ್ಯಾ?”

“ನಂಗೇನ್ ಗೊತ್ತು ಸರ್? ನಾನು ಬಂದಾಗ್ಲಿಂದ ಬೆಚ್ಚಗಿದೆ. ಬೇಕಿದ್ರೆ ಕೆಲಸದ ಕಾಲಮ್ಮಲ್ಲಿ ಹಂಗೇ ಬರೀರಿ.”

ಕಂಬ ಹತ್ತುವುದರಲ್ಲೇ ಆಯಸ್ಸು ಸವೆಸಿದ್ದಕ್ಕೆ ಊರೆಲ್ಲ ‘ಕಂಬದಣ್ಣ’ ಎಂದು ಕರೆಯುತ್ತಿದ್ದ ಲೈನ್‌ಮನ್ ಡಬ್ಬಿಯನ್ನು ಸುತ್ತಲೂ ನೋಡಿ ಕೈ ಮುಗಿದ. “ಗೊತ್ತಿಲ್ದೆ ಹೆಸರು ಹಾಕ್ಬೇಡಿ ಸಾರ್ ನಂದು. ಊರ ಉಸಾಬರಿ ನನಗ್ಯಾಕೆ?”

ಅಷ್ಟರಲ್ಲಿ ಪಕ್ಕದಂಗಡಿಯ ಟೈಲರ್ ಬಂದ. ಹೊಸ ನಿಯಮದ ಪ್ರಕಾರ ಹೊರಗಿನವರು ಪುಸ್ತಕದಲ್ಲಿ ಹೆಸರು ಬರೆದೇ ಒಳಗೆ ಬರಬೇಕು. ಅವನೂ ತಪ್ಪದೆ ಬರೆಯುತ್ತಿದ್ದ. ‘ಭೇಟಿಯ ಉದ್ದೇಶ’ ಎಂಬಲ್ಲಿ ದಿನವೂ ‘ಸುಮ್ನೆ’ ಎಂದಿರುತ್ತಿತ್ತು. ಸಂಗತಿ ಕೇಳಿದವನೇ ಕಣ್ಣರಳಿಸಿ, “ಸಾಹೇಬ್ರೇ, ಶತ್ರು ದೇಶದವರು ಇಟ್ಟಿರೋದಿರ್ಬೇಕು ನೋಡಿ. ನಮ್ಮ ಮಾತೆಲ್ಲಾ ಕದ್ದು ಕೇಳ್ತಿದಾರೆ!” ಎಂದ.

“ನೀನು ದಿನಾ ಇಲ್ಲಿ ಕೂತು ಆಡೋ ಮಾತು ಕೇಳಿದ್ರೆ ಅವರೇ ಡಬ್ಬಿ ಬಿಚ್ಕೊಂಡು ಹೋಗ್ತಿದ್ರು,” ಎಂದರು ಕ್ಲರ್ಕಮ್ಮ.

ಆಗ ಕಂಬದಣ್ಣ ತನ್ನ ಕಸುಬಿನ ಗುಟ್ಟು ಬಿಚ್ಚಿದ. “ಸಾರ್, ಯಾವ ತಂತಿ ಯಾರದು ಅಂತ ತಿಳೀದಿದ್ರೆ ನಾವೇನ್ ಮಾಡ್ತೀವಿ ಹೇಳಿ? ಕತ್ತರಿಸಿ ಕೂತ್ಕೋತೀವಿ. ಯಾರದೋ ಅವನು ತಾನಾಗೇ ಬೈಕೊಂಡು ಫೋನ್ ಮಾಡ್ತಾನೆ. ಯಾರೂ ಬೈಲಿಲ್ಲ ಅಂದ್ರೆ ಅದು ಯಾರದೂ ಅಲ್ಲ.”

ಸಾಹೇಬರಿಗೆ ಈ ಮಾತು ಬಲು ಹಿಡಿಸಿತು. ಯಾರೂ ಬೈಯದಿದ್ದರೆ ಡಬ್ಬಿ ಬೇಡದ್ದು. ಬೇಡದ್ದನ್ನು ತೆಗೆದರೆ ನಲವತ್ತಾರೇ ಉಳಿಯಿತು. ಹತ್ತು ಗಂಟೆ ಹತ್ತು ನಿಮಿಷಕ್ಕೆ ಡಬ್ಬಿಯ ಗುಂಡಿ ಒತ್ತಿದರು. ಹಸಿರು ದೀಪ ಆರಿತು. ನಾಲ್ವರೂ ದೂರಿನ ಫೋನಿನ ಮುಂದೆ ಉಸಿರು ಬಿಗಿಹಿಡಿದು ಕೂತರು.

ಫೋನ್ ಸದ್ದೇ ಮಾಡಲಿಲ್ಲ. ಬೇರೆ ದಿನ ಹನ್ನೊಂದರೊಳಗೆ ಮೂವತ್ತು ದೂರು ಬರುತ್ತಿದ್ದ ಜಾಗದಲ್ಲಿ ಇವತ್ತು ಒಂದೂ ಇಲ್ಲ. ಟೈಲರ್ ತನ್ನ ಅಂಗಡಿಯಿಂದ ಸಾಹೇಬರ ಮೊಬೈಲಿಗೆ ಮಾಡಿ ನೋಡಿದ, ಕರೆ ಬಂತು. ಸಾಹೇಬರು ಇಂಟರ್‌ನೆಟ್ ನೋಡಿದರು, ಓಡುತ್ತಿತ್ತು. ಹನ್ನೆರಡಾಯಿತು, ಒಂದಾಯಿತು. ನೀರಿನ ಕಚೇರಿಯಲ್ಲಿದ್ದ ಗೆಳೆಯನಿಗೆ ಸಾಹೇಬರು ಮೊಬೈಲಿನಿಂದ ಕೇಳಿದರು. “ಏನಯ್ಯಾ, ಎಲ್ಲಾ ಸರಿಯಾಗಿದ್ಯಾ?”

“ಸರಿ ಅಂದ್ರೆ? ಸ್ವರ್ಗ ಕಣಯ್ಯಾ! ಬೆಳಗ್ಗಿಂದ ಒಂದು ದೂರಿಲ್ಲ. ಇಂಥ ದಿನ ನಾನು ಕಂಡೇ ಇಲ್ಲ.”

“ನೋಡಿದ್ರಾ? ಡಬ್ಬಿ ಆರಿಸಿದ ಮೇಲೆ ಊರೇ ಸುಧಾರಿಸ್ತು!” ಎಂದು ಸಾಹೇಬರು ತೊಡೆ ತಟ್ಟಿದರು. ಆ ದಿನ ಊರಿನಿಂದ ಬಂದ ದೂರು ಒಂದೇ ಒಂದು. ಅದು ಊಟದ ಹೊತ್ತಿಗೆ ಕ್ಲರ್ಕಮ್ಮನ ಬಾಯಿಂದ ಬಂತು: “ಅನ್ನ ತಣ್ಣಗಾಗಿದೆ.”

ಸಾಹೇಬರು ಮೂರು ತಂತಿಗೂ ಒಂದು, ಎರಡು, ಮೂರು ಎಂದು ಚೀಟಿ ಅಂಟಿಸಿ ಡಬ್ಬಿ ಬಿಚ್ಚಿದರು. ಕೆಲಸದಲ್ಲಿ ಅವರು ಅಷ್ಟು ಶಿಸ್ತಿನವರು. ಕತ್ತರಿಸಿದ ಬಟ್ಟೆ ಫ್ಯಾನಿನ ಗಾಳಿಗೆ ಹಾರುತ್ತದೆ, ಮೇಲಿಡಲು ಭಾರಕ್ಕಾಗುತ್ತದೆ ಎಂದು ಟೈಲರ್ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ.

ಮೂರಕ್ಕೆ ಸರಿಯಾಗಿ ಮೇಡಂ ಬಂದರು. ಪಟ್ಟಿ ಹಿಡಿದು ಒಂದೊಂದೇ ಯಂತ್ರ ಮುಟ್ಟಿ ಕೇಳಿದರು. ಕಂಬದಣ್ಣ ಇಪ್ಪತ್ತಮೂರಕ್ಕೂ ಪಟಪಟನೆ ಉತ್ತರಿಸಿದ, ಕ್ಲರ್ಕಮ್ಮ ಮಿಕ್ಕ ಇಪ್ಪತ್ತಮೂರಕ್ಕೆ. ಮೇಡಂ ಮುಖ ಅರಳಿತು.

“ಇಷ್ಟು ಚೊಕ್ಕವಾದ ಪಟ್ಟಿ ನಾನೆಲ್ಲೂ ನೋಡಿಲ್ಲ. ನಿಮ್ಮ ಹೆಸರೇ ಕಾಣ್ತಿಲ್ವಲ್ಲ?”

“ನನಗೇನೂ ಗೊತ್ತಿಲ್ಲ ಮೇಡಂ,” ಎಂದರು ಸಾಹೇಬರು ಎದೆಯುಬ್ಬಿಸಿ.

ಮೇಡಂ ನಕ್ಕು, ಚೀಲದಿಂದ ವರ್ಗದ ಆದೇಶ ತೆಗೆದು ಮೇಜಿನ ಮೇಲಿಟ್ಟು, ಪೆನ್ನಿನ ಮುಚ್ಚಳ ತೆಗೆದರು. ಅದೇ ಗಳಿಗೆಗೆ ಗೇಟಿನ ಬಳಿ ಗದ್ದಲ ಎದ್ದಿತು. ನಲವತ್ತು ಐವತ್ತು ಜನ! ಎಲ್ಲರಿಗಿಂತ ಮುಂದೆ, ಶಾಲೆ ಬೀದಿಯಲ್ಲಿ ಹಾಲು ಮಾರುವ ಹೆಂಗಸು.

“ಯಾರ್ರೀ ಇಲ್ಲಿ ಸಾಹೇಬ್ರು? ಬೆಳಗ್ಗಿಂದ ಕರೆಂಟಿನವರ ದೂರಿನ ನಂಬರಿಗೆ ಹೊಡೀತಾ ಇದೀನಿ, ಉಸಿರೇ ಇಲ್ಲ. ನೀರಿನವರದ್ದೂ ಇಲ್ಲ, ನಿಮ್ದೂ ಇಲ್ಲ! ಶಾಲೆ ಮುಂದೆ ಕರೆಂಟ್ ತಂತಿ ಕಿತ್ತು ಜೋತಾಡ್ತಿದೆ. ಅವರ ಆಫೀಸಿಗೆ ಓಡಿಹೋದ್ರೆ, ನಂಬರಿಗೆ ದೂರು ಬರದೆ ಗಾಡಿ ಹೊರಡಲ್ಲ ಅಂತಾರೆ. ಇನ್ನರ್ಧ ಗಂಟೆಗೆ ಮಕ್ಕಳು ಹೊರಗೆ ಬರ್ತವೆ!”

ಸಾಹೇಬರಿಗೆ ಎಲ್ಲ ಅರ್ಥವಾಗಿಹೋಯಿತು. ಡಬ್ಬಿ ಆರಿದ ಮೇಲೆ ಯಾರೂ ದೂರಲಿಲ್ಲ, ನಿಜ. ದೂರುಗಳು ಬರುತ್ತಿದ್ದದ್ದೇ ಆ ಡಬ್ಬಿಯ ಮೂಲಕ! ಊರಿನ ಅಷ್ಟೂ ಕಚೇರಿಗಳ ದೂರಿನ ಕರೆಗಳನ್ನು ಅವರು ಟೈಲರನ ಬಟ್ಟೆಯ ಮೇಲೆ ಭಾರಕ್ಕೆ ಇಟ್ಟಿದ್ದರು.

“ಸುಮ್ನಿರಿ ಸಾರ್,” ಕಂಬದಣ್ಣ ಕಿವಿಯಲ್ಲಿ ಪಿಸುಗುಟ್ಟಿದ. “ಎರಡೇ ನಿಮಿಷ. ಸಹಿ ಬೀಳ್ಲಿ, ಆಮೇಲೆ ನೋಡ್ಕೊಳ್ಳೋಣ.”

ಸಾಹೇಬರು ಮೇಡಂ ಕೈಯ ಪೆನ್ನು ನೋಡಿದರು. ಪೆನ್ನು ಕಾಗದಕ್ಕೆ ತಾಗುವುದರಲ್ಲಿತ್ತು. ಗೋಡೆಯ ಗಡಿಯಾರ ನೋಡಿದರು. ಶಾಲೆ ಬಿಡುವ ಹೊತ್ತಾಗುತ್ತಿತ್ತು. ತಮ್ಮ ಮಗಳೂ ಇನ್ನರ್ಧ ಗಂಟೆಗೆ ಹೀಗೇ ಚೀಲ ಬೆನ್ನಿಗೇರಿಸಿ ಯಾವುದೋ ಬೀದಿಯಲ್ಲಿ ಓಡಿಬರುತ್ತಾಳೆ. ಥೂ, ಹಾಳಾಗಿ ಹೋಗಲಿ ಎಂದುಕೊಂಡವರೇ ಒಂದೇ ಉಸಿರಿಗೆ ಹೊರಗೋಡಿದರು.

ಟೈಲರ್ ಅಂಗಡಿಯಲ್ಲಿ ಗಿರಾಕಿಯೊಬ್ಬರ ಅಳತೆ ನಡೆದಿತ್ತು. “ಡಬ್ಬಿ ಕೊಡಯ್ಯಾ!”

“ಕೊಟ್ಟಿದ್ದು ಕೊಟ್ಟಾಯ್ತಲ್ಲ ಸಾಹೇಬ್ರೇ, ಈಗ ತಾನೇ ಬಟ್ಟೆ ಜೋಡ್ಸಿದೀನಿ...”

ಕೇಳುವ ವ್ಯವಧಾನ ಯಾರಿಗಿತ್ತು? ಸಾಹೇಬರು ಡಬ್ಬಿ ಕಿತ್ತುಕೊಂಡು ಓಡಿದರು. ಅದರ ಮೂಲೆಗೆ ಸಿಕ್ಕ ಪ್ಯಾಂಟಿನ ಅರ್ಧ ಕಾಲು ಹಿಂದೆ ಬಾವುಟದಂತೆ ಹಾರುತ್ತಿತ್ತು, ಅದರ ಹಿಂದೆ ಟೈಲರ್, ಅವನ ಹಿಂದೆ ಗಿರಾಕಿ. ಮೇಡಂ ನೋಡುತ್ತಿದ್ದಂತೆ ಒಂದು, ಎರಡು, ಮೂರು ಎಂದು ತಂತಿ ಸಿಕ್ಕಿಸಿ ಗುಂಡಿ ಒತ್ತಿದರು.

ಹಸಿರು ದೀಪ ಮಿಣಕ್ ಎಂದಿತು. ದೂರಿನ ಫೋನ್ ಬೆಳಗ್ಗಿನಿಂದ ಕಟ್ಟಿಕೊಂಡಿದ್ದ ಬಾಯಿ ಬಿಚ್ಚಿ ಅರಚತೊಡಗಿತು. ಹಾಲಿನ ಹೆಂಗಸು ಅಲ್ಲೇ ನಿಂತು ಕರೆಂಟಿನವರಿಗೆ ಹಚ್ಚಿದಳು. ಮೂರನೆಯ ಸದ್ದಿಗೆ ಎತ್ತಿಕೊಂಡರು. ಐದು ನಿಮಿಷದಲ್ಲಿ ಆ ಬೀದಿಯ ಕರೆಂಟು ತೆಗೆದರು, ಗಾಡಿ ಹೊರಟಿತು. ಜನ ಚದುರಿದರು.

ಕೋಣೆಯಲ್ಲಿ ಉಳಿದದ್ದು ಮೇಡಂ, ಡಬ್ಬಿ ಮತ್ತು ಕೆಲಸ ಹೋಯಿತೆಂದೇ ನಿಂತ ಸಾಹೇಬರು. ಕಸ ಗುಡಿಸಿದ್ದರಿಂದ ಹಿಡಿದು ಪ್ಯಾಂಟಿನ ಕಾಲಿನವರೆಗೆ ಒಂದೂ ಮುಚ್ಚಿಡದೆ ಹೇಳಿಬಿಟ್ಟರು. ಮೇಡಂ ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತರು.

“ಇದೇ ಡಬ್ಬಿ ಮುನ್ನೂರ ಹನ್ನೆರಡು ಎಕ್ಸ್‌ಚೇಂಜಲ್ಲಿದೆ ಕಣ್ರೀ. ಇದೇನು ಮಾಡತ್ತೆ ಅಂತ ಕಂಡುಹಿಡಿಯಕ್ಕೆ ಮೂರು ವರ್ಷದಿಂದ ಒಂದು ಸಮಿತಿ ಇದೆ. ಅದರ ಅಧ್ಯಕ್ಷೆ ನಾನೇ. ಆರಿಸಿ ನೋಡೋ ಧೈರ್ಯ ಒಬ್ಬರಿಗೂ ಬಂದಿರ್ಲಿಲ್ಲ. ಇಡೀ ದೇಶದಲ್ಲಿ ಇದರ ಕೆಲಸ ಬಲ್ಲವರು ನೀವೊಬ್ಬರೇ!”

ಸಾಹೇಬರ ಮುಖಕ್ಕೆ ಕಳೆ ಬಂತು. ಬೈಗುಳವಲ್ಲ, ಹೊಗಳಿಕೆ! ಬಡ್ತಿಯೂ ಬಂದೀತೇನೋ ಎಂದು ಅವರು ಅಂಗಿಯ ತೋಳು ಇಳಿಸಿ ಸರಿಮಾಡಿಕೊಂಡರು. ಮೇಡಂ ಪಟ್ಟಿ ಎಳೆದುಕೊಂಡು, ಅದೇ ಪೆನ್ನಿನಿಂದ ನಲವತ್ತೇಳನೆಯ ಸಾಲು ಬರೆದರು. ನಾಲ್ಕನೆಯ ಕಾಲಮ್ಮಿಗೆ ಬಂದಾಗ ಮುತ್ತಿನಂಥ ಅಕ್ಷರದಲ್ಲಿ ಸಾಹೇಬರ ಹೆಸರು ಬರೆದು, ಕೆಳಗೆ ಸಹಿ ಹಾಕಿದರು.

“ಮೇಡಂ... ಕೆಳಗೆ ಒಂದು ಷರಾ ಇದೆಯಲ್ಲ...”

“ಗೊತ್ತು. ನಾನೇ ಬರೆದದ್ದು,” ಎಂದು ಮೇಡಂ ವರ್ಗದ ಆದೇಶವನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. “ದೇಶದ ಭದ್ರತೆ ವಿಷಯ, ಮನಸ್ಸಿಗೆ ಹಚ್ಕೋಬೇಡಿ.”

“ಈ ಡಬ್ಬಿ ಬದಲಾಗೋದು ಯಾವಾಗ?”

“ಸಮಿತಿ ತೀರ್ಮಾನ ಮಾಡ್ಬೇಕು.”

ಮೇಡಂ ಕಾರು ಹೊರಟ ಮೇಲೆ ಕ್ಲರ್ಕಮ್ಮ ಡಬ್ಬಿ ಮುಟ್ಟಿ ನೋಡಿ, ಬೆಚ್ಚಗಾಗ್ತಿದೆ ಎಂದು ಸಮಾಧಾನಪಟ್ಟುಕೊಂಡರು. ಸಾಹೇಬರು ಕುರ್ಚಿಗೆ ಕುಸಿದು ಹೆಂಡತಿಗೆ ಫೋನ್ ಮಾಡಿದರು.

“ಸಹಿ ಆಯ್ತೇನ್ರೀ?” ಎಂದಳು ಆಕೆ, ಹಲೋ ಕೂಡ ಅನ್ನದೆ.

“ಸಹಿಯೇನೋ ಆಯ್ತು ಕಣೇ,” ಎಂದು ಸಾಹೇಬರು ನಡೆದದ್ದನ್ನೆಲ್ಲ ಹೇಳಿದರು.

“ಬೀರುವಲ್ಲಿ ಎರಡು ಖಾನೆ ಖಾಲಿ ಮಾಡಿ ಕೂತಿದೀನಿ ನಾನು. ನಿಮ್ಮ ಮಗಳು ನಿಮ್ಮ ಹೆಸರು ಬರೆದು ಬಾಗಿಲಿಗೆ ಅಂಟಿಸಿದಾಳೆ. ಒಂಬತ್ತು ವರ್ಷ ಆಯ್ತಲ್ರೀ! ನಾನೀಗ ಯಾರಿಗೇಂತ ದೂರು ಕೊಡ್ಲಿ, ಹೇಳಿ?”

ಸಾಹೇಬರು ಮೂಲೆಯಲ್ಲಿ ಮಿಣುಕುತ್ತಿದ್ದ ಹಸಿರು ದೀಪವನ್ನೇ ನೋಡಿದರು.

“ನಮ್ಮ ದೂರಿನ ನಂಬರಿಗೇ ಮಾಡೇ,” ಎಂದರು. “ಈಗ ಚೆನ್ನಾಗಿ ಕೆಲಸ ಮಾಡ್ತಾ ಇದೆ.”