ಯಲ್ಲೇಶನ ಬಲೆಗುಡಾರ

ಎಲ್ಲಕ್ಕೂ ಮೂಲ ನಾಗನೂರಿನ ಯಲ್ಲೇಶನ ಮುಖ. ಹೋದ ಬೇಸಿಗೆಯಲ್ಲಿ ಸೈಕಲ್ ಗೆಳೆಯರ ಜೊತೆ ಹಿಡಕಲ್ ಡ್ಯಾಮಿಗೆ ಹೋದವನು ನೀರಿನ ದಂಡೆಯಲ್ಲಿ ಬಯಲಿಗೇ ಮಲಗಿದ್ದ. ಬೆಳಗಾಗುವಷ್ಟರಲ್ಲಿ ಸೊಳ್ಳೆಗಳು ಅವನ ಮುಖವನ್ನು ಬುಂದಿ ಲಾಡು ಮಾಡಿಟ್ಟಿದ್ದವು. ಕಣ್ಣು ತೆರೆಯಲಾಗದವನನ್ನು ಟೆಂಪೋದಲ್ಲಿ ಹಾಕಿಕೊಂಡು ಎಲ್ಲರೂ ಅರ್ಧಕ್ಕೇ ತಿರುಗಿದ್ದರು. ಅದಕ್ಕೇ ಈ ಸಲ ಹುಕ್ಕೇರಿಯ ಗೆಳೆಯ ಅರ್ಜುನ ಖಡಾಖಂಡಿತವಾಗಿ ಹೇಳಿದ್ದ: “ಸೊಳ್ಳಿ ಹೊಗದಂಥಾ ಗುಡಾರ ಇದ್ರ ಬಾ. ಇಲ್ಲಂದ್ರ ಮನ್ಯಾಗ ಇರು.”

ಇವತ್ತು ಸಂಜೆ ಹೊರಡಬೇಕು. ಮೊಬೈಲಿನಲ್ಲಿ ನೋಡಿ ನೋಡಿ ಆರಿಸಿ ತರಿಸಿದ ಗುಡಾರವನ್ನು ಯಲ್ಲೇಶ ಬೆಳಿಗ್ಗೆಯೇ ಅಂಗಳದಲ್ಲಿ ನಿಲ್ಲಿಸಿದ. ಮೇಲೆಲ್ಲ ಬಲೆ, ಕೆಳಗೊಂದು ತೆಳು ಹಾಸು, ಬಾಗಿಲಿಗೆ ಝಿಪ್ಪು. ಮಡಚಿದರೆ ಸೈಕಲ್ಲಿನ ಹ್ಯಾಂಡಲ್ಲಿಗೆ ಕಟ್ಟುವಷ್ಟೇ.

ಬಾಜೂ ಮನೆಯ ಲಕ್ಕಪ್ಪ ಹಲ್ಲು ತಿಕ್ಕುತ್ತಲೇ ಬಂದ. “ಏನೋ ಇದು, ಕೋಳಿ ಮುಚ್ಚಾಕೇನು?”

“ನಾ ಮಲಗಾಕ್ರಿ ಕಾಕಾ.”

“ನಮ್ಮ ತಾಡಪತ್ರಿ ಒಯ್ಯೋ ಹುಚ್ಚಾ. ಟ್ರ್ಯಾಕ್ಟರ್ ಮುಚ್ಚಿದ್ರೂ ಉಳಿತೈತಿ.”

“ಅದನ್ನ ಒಯ್ಯಾಕ ಟ್ರ್ಯಾಕ್ಟರೇ ಬೇಕಲ್ರಿ. ಈ ಝಳದಾಗ ಅದರೊಳಗ ಮಲಗಿದ್ರ ಕುದಿಸಿದ ಗೆಣಸಾಗತೇನಿ.”

ಇದರೊಳಗೆ ಒಂದು ಹುಳವೂ ಹೊಗುವುದಿಲ್ಲವೆಂದರೆ ಎದುರು ಮನೆಯ ಕಾಶೆವ್ವನಿಗೆ ನಂಬಿಕೆ ಬರಲಿಲ್ಲ. ಒಂದು ಹೆಂಟೆ ಬೆಲ್ಲ ತಂದು ಒಳಗಿಟ್ಟು, ಝಿಪ್ಪು ಎಳೆದು, ಎದುರಿಗೇ ಕುಕ್ಕರಗಾಲಲ್ಲಿ ಕೂತಳು. ಇರುವೆಗಳು ಸಾಲುಗಟ್ಟಿ ಬಂದವು, ಸುತ್ತು ಹಾಕಿದವು, ಮುನಿಸಿಕೊಂಡ ಬೀಗರಂತೆ ತಿರುಗಿ ಹೋದವು.

ಓಣಿಯ ಜನ ಯಲ್ಲೇಶನ ಮಾತನ್ನು ಇಷ್ಟು ಗಮನವಿಟ್ಟು ಎಂದೂ ಕೇಳಿರಲಿಲ್ಲ. ಅವನು ಉಬ್ಬಿದ. “ಬಿಸಲು ಬೀಳತೈತಿ, ಗಾಳಿ ಆಡತೈತಿ. ನೊಣಾ ಇಲ್ಲ, ಇರುವಿ ಇಲ್ಲ!”

“ಹೌದೇನಪಾ,” ಎಂದು ಕಾಶೆವ್ವ ಬಹಳ ಹೊತ್ತು ತಲೆಯಾಡಿಸಿದಳು.

ಅವನು ಸೈಕಲ್ ಟ್ಯೂಬು ತರಲು ಮೂಡಲಗಿಗೆ ಹೋಗಿ ಬರುವಷ್ಟರಲ್ಲಿ ಗುಡಾರ ತುಂಬಿತ್ತು. ಒಳಗೆ ಬಿಳಿ ಧೋತರದ ಮೇಲೆ, ಈ ತುದಿಯಿಂದ ಆ ತುದಿಯವರೆಗೆ ಹಸಿ ಶಾವಿಗೆ.

“ಕಾಕೂ, ನಾ ಈಗ ಹೋಗಬೇಕ್ರಿ!”

“ಈಗ ಎತ್ತಿದ್ರ ತುಂಡಾಗತಾವೋ ನನ್ನಪ್ಪಾ. ಬಸರಿ ಮಗಳು ಸುಮನಾಳ ಕುಬಸಕ್ಕ ಮಾಡೇನಿ. ಆಕಿ ಮದವಿ ಊಟದಾಗ ಶಾವಿಗ್ಯಾಗ ಇರುವಿ ಸಿಕ್ಕಿದ್ದನ್ನ ಬೀಗರು ಇನ್ನೂ ಆಡಿಕೋತಾರ. ನಾಳಿ ಮಧ್ಯಾಹ್ನದ ಮಟ ಅಷ್ಟ.”

ಯಲ್ಲೇಶ ಝಿಪ್ಪಿಗೆ ಕೈ ಹಾಕಿದ. ಕಾಶೆವ್ವನ ಮುಖ ನೋಡಿದ. ವರ್ಷವಿಡೀ ನಗೆಪಾಟಲಾದವರ ಮುಖ ಹೇಗಿರುತ್ತದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೈ ತಾನಾಗಿ ಹಿಂದೆ ಬಂತು.

“ಗುಡಾರ ಐತಿ,” ಎಂದು ಅರ್ಜುನನಿಗೆ ಫೋನಿನಲ್ಲಿ ಹೇಳಿದ, “ಆದ್ರ ಅದರಾಗ ಶಾವಿಗಿ ಮಲಗ್ಯಾವು.”

ಅತ್ತ ಕಡೆ ಒಂದು ಗುಂಪೇ ನಕ್ಕಿತು. ಫೋನು ಕಟ್ಟಾಯಿತು.

ಇಳಿಹೊತ್ತಿಗೆ ಕಾಶೆವ್ವ ಒಂದು ಸ್ಟೂಲು ತಂದಿಟ್ಟಳು. “ನಾಯಿ ಬಂದು ಬಲಿ ಹರಿದ್ರ ನಿಂದೇ ಲುಕ್ಸಾನ. ಸ್ವಲ್ಪ ಕಾಯ್ಕೊಂಡು ಕೂಡಪಾ.”

ಯಲ್ಲೇಶ ಕೂತ. ಕಾಲುವೆಯ ಕಡೆಯಿಂದ ತಂಗಾಳಿ ಬಂತು, ಅದರ ಹಿಂದೆಯೇ ಸೊಳ್ಳೆಗಳೂ ಬಂದವು. ಬಲೆಯೊಳಗೆ ಶಾವಿಗೆ ರಾಜಕುಮಾರಿಯಂತೆ ಕಾಲು ಚಾಚಿ ಮಲಗಿತ್ತು. ಅವನು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡ.

ಲಕ್ಕಪ್ಪ ಬಗ್ಗಿ ಬಲೆಯೊಳಗೆ ಇಣುಕಿದ, ಮತ್ತೆ ಯಲ್ಲೇಶನ ಮುಖ ನೋಡಿದ.

“ನೀ ಹೇಳಿದ್ದು ಖರೆ ಐತೋ ಯಲ್ಲೇಶಾ. ಒಳಗ ಒಂದೂ ಹೊಕ್ಕಿಲ್ಲ. ಎಲ್ಲಾ ಹೊರಗೇ ಅದಾವು.”