ಕಿತ್ತಳೆ ಅಂಗೈಗೆ ತೊಂಬತ್ತೊಂದು ಅಂಕ

ಕ್ಷೇಮಾಧಿಕಾರಿಗಳ ಕೋಣೆಯ ಕಿಟಕಿ ಪಕ್ಕದ ಮೇಜಿನ ಮೇಲೆ ಬಿಳಿ ಟವೆಲ್ ಹಾಸಿಕೊಂಡು ವಿರಾಜಮಾನರಾಗಿರುವ ಅಂಗೈ ಓದುವ ಯಂತ್ರದವರ ಸನ್ನಿಧಿಗೆ,

ಮಾನ್ಯರೇ,

ತಮ್ಮ ನೀಲಿ ಬೆಳಕು ಎಂದೂ ಮಂಕಾಗದಿರಲಿ, ತಮ್ಮ ಗಾಜಿನ ಮೇಲೆ ನೊಣ ಕೂರದಿರಲಿ, ತಮ್ಮ ವೈರನ್ನು ಇಲಿ ಕಡಿಯದಿರಲಿ ಎಂದು ಹಾರೈಸುತ್ತಾ, ಟವೆಲ್ ಕಾರ್ಖಾನೆಯ ಬಣ್ಣದ ವಿಭಾಗದಲ್ಲಿ ಮೂರನೇ ತೊಟ್ಟಿ ಕಲಕುವ ನಾನು ಎರಡೂ ಕೈ ಜೋಡಿಸಿ ಮಾಡಿಕೊಳ್ಳುವ ಬಿನ್ನಹ. ತಮಗೆ ಓದಲು ಬರುವುದು ಅಂಗೈ ಮಾತ್ರ ಎಂದು ಕೇಳಿದ್ದರಿಂದ, ಇದರ ಒಂದು ಪ್ರತಿಯನ್ನು ಗೇಟಿನ ನೋಟಿಸ್ ಬೋರ್ಡಿಗೂ ಅಂಟಿಸಿದ್ದೇನೆ. ಕಣ್ಣಿದ್ದವರು ಯಾರಾದರೂ ತಮಗೆ ಓದಿ ಹೇಳಲಿ.

ತಾವು ಬಂದ ದಿನ, ತಮ್ಮನ್ನು ಕರೆತಂದ ಸಂಶೋಧಕಿ ಮೇಡಂ ನಮಗೆಲ್ಲ ತಿಳಿಯುವ ಹಾಗೆ ಹೇಳಿದ್ದರು. ಕ್ಯಾರೆಟ್, ಕುಂಬಳ, ಸೊಪ್ಪು ತಿಂದವರ ಚರ್ಮದಲ್ಲಿ ಹಳದಿ-ಕಿತ್ತಳೆ ಬಣ್ಣದ ಅಂಶವೊಂದು ಸೇರಿಕೊಳ್ಳುತ್ತದೆ. ಅದು ಆ್ಯಂಟಿಆಕ್ಸಿಡೆಂಟ್ ಜಾತಿಯದು, ದೇಹಕ್ಕೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಅದಕ್ಕೆ ನೀಲಿ ಬೆಳಕನ್ನು ನುಂಗುವ ಚಟ. ಹಾಗಾಗಿ ಅಂಗೈಗೆ ನೀಲಿ ಬೆಳಕು ಬಿಟ್ಟು, ಎಷ್ಟು ವಾಪಸ್ ಬಂತೆಂದು ಅಳೆದರೆ, ಯಾರು ಎಷ್ಟು ತರಕಾರಿ ತಿಂದಿದ್ದಾರೆಂಬ ಅಂದಾಜು ಸಿಗುತ್ತದೆ. ‘ಅಂದಾಜು’ ಎಂಬ ಮಾತನ್ನು ಅವರು ಎರಡು ಸಲ ಒತ್ತಿ ಹೇಳಿದರು. ಮೇಡಂ ಹೊರಟುಹೋದರು, ಆ ಮಾತೂ ಅವರ ಚೀಲದಲ್ಲೇ ಹೋಯಿತು.

ಆಮೇಲೆ ನಮ್ಮ ಕ್ಷೇಮಾಧಿಕಾರಿಗಳು ತಮ್ಮನ್ನು ನ್ಯಾಯಾಧೀಶರನ್ನಾಗಿ ಕೂರಿಸಿದರು. ತೊಳೆಯುವ ವಿಭಾಗದವರು ಆರು ವಾರ ಎಂದಿನಂತೆ ನನ್ನ ಸೋದರತ್ತೆಯ ಕ್ಯಾಂಟೀನಿನಲ್ಲಿ ಉಣ್ಣುವುದು, ಬಣ್ಣದ ವಿಭಾಗದವರಿಗೆ ಅಷ್ಟೂ ದಿನ ‘ಆ್ಯಂಟಿಆಕ್ಸಿಡೆಂಟ್ ಭರಿತ’ ಎಂದು ಬರೆದ ಬಾಟಲಿ ಜ್ಯೂಸು ಕೊಡುವುದು. ಯಾರ ಅಂಗೈಗೆ ಅಂಕ ಹೆಚ್ಚೋ ಅವರ ಆಹಾರ ಉಳಿಯುತ್ತದೆ, ಸೋತದ್ದು ಹೊರಗೆ. ಜ್ಯೂಸು ಸೋತರೆ ಅದರ ಕಪಾಟು ಲಾರಿ ಹತ್ತುತ್ತದೆ. ಅತ್ತೆ ಸೋತರೆ ಹದಿನಾಲ್ಕು ವರ್ಷ ಉರಿಸಿದ ಒಲೆ ಆರಿಸಿ ಮನೆಗೆ ಹೋಗಬೇಕು.

ನಡುವಿನ ಅಳತೆಯಲ್ಲಿ ತಮ್ಮ ತೀರ್ಪು ಎಷ್ಟು ಉದಾರವಾಗಿತ್ತು ಮಾನ್ಯರೇ! ಬೆಳಿಗ್ಗೆ ಒಂಬತ್ತರಿಂದ ಸೋಪಿನ ನೀರಿನಲ್ಲಿ ಕೈ ನೆನೆಸಿ, ಅಂಗೈ ಸುಕ್ಕುಗಟ್ಟಿ ಬಿಳುಚಿಕೊಂಡು, ಮಧ್ಯಾಹ್ನ ಅತ್ತೆಯ ಸೊಪ್ಪಿನ ಸಾರನ್ನು ಎರಡೆರಡು ಸಲ ಹಾಕಿಸಿಕೊಂಡ ಹೆಂಗಸರಿಗೆ ಸರಾಸರಿ ಇಪ್ಪತ್ಮೂರು. ನಮ್ಮ ವಿಭಾಗಕ್ಕೆ ಎಂಬತ್ನಾಲ್ಕು. ನನಗಂತೂ ತೊಂಬತ್ತೊಂದು! ಈಗ ನನ್ನ ಫೋಟೋ ಗೇಟಿನಲ್ಲಿ ‘ಆರೋಗ್ಯ ರತ್ನ’ ಎಂಬ ಬಿರುದಿನೊಂದಿಗೆ ತೂಗುತ್ತಿದೆ.

ಈ ರತ್ನದ ನಿಜವನ್ನು ಹೇಳಿಬಿಡುತ್ತೇನೆ. ನನಗೆ ಸೊಪ್ಪು ಕಂಡರಾಗದು. ನನ್ನ ಊಟ ಚಹಾ ಮತ್ತು ಬನ್ನು. “ನಾನು ಹೆತ್ತಿದ್ರೆ ಬಾಯಿಗೆ ತುರುಕ್ತಿದ್ದೆ, ಅಣ್ಣನ ಮಗ ಅಂತ ಬಿಟ್ಟಿದೀನಿ” ಎಂದು ಅತ್ತೆ ದಿನವೂ ಬೈಯುತ್ತಾಳೆ. ಜ್ಯೂಸನ್ನು ಎರಡು ದಿನ ಕುಡಿದೆ, ಹಿಡಿಸಲಿಲ್ಲ. ಮಿಕ್ಕ ಮೂವತ್ತೊಂದು ಬಾಟಲಿಗಳು ಮುಚ್ಚಳ ಬಿಚ್ಚದೆ ನನ್ನ ಪೆಟ್ಟಿಗೆಯಲ್ಲಿವೆ, ಯಾರು ಬೇಕಾದರೂ ಬಂದು ಎಣಿಸಬಹುದು. ಆದರೆ ನಮ್ಮ ಮೂರೂ ತೊಟ್ಟಿಗಳಲ್ಲಿ ಎರಡು ತಿಂಗಳಿಂದ ಕಿತ್ತಳೆ ಬಣ್ಣವೇ ಓಡುತ್ತಿದೆ, ಅದು ಮೊಣಕೈವರೆಗೂ ನನ್ನನ್ನು ಬಿಟ್ಟಿಲ್ಲ. ತೊಟ್ಟಿಯ ಕಿತ್ತಳೆಯೂ ನೀಲಿ ಬೆಳಕನ್ನು ನುಂಗುತ್ತದೆ, ಕ್ಯಾರೆಟ್ಟಿನ ಕಿತ್ತಳೆಯೂ ನುಂಗುತ್ತದೆ. ತಾವು ಸುಳ್ಳು ಹೇಳಲಿಲ್ಲ. ಬಣ್ಣ ಕಂಡಿರಿ, ಬಣ್ಣ ಎಂದಿರಿ. ಅದನ್ನು ತರಕಾರಿ ಎಂದು ಕೇಳಿಸಿಕೊಂಡ ಕಿವಿಗಳು ಬೇರೆಯವರವು.

ಇದನ್ನೇ ಕ್ಷೇಮಾಧಿಕಾರಿಗಳಿಗೆ ಹೇಳಿದೆ. “ಎಂಟನೇ ಕ್ಲಾಸಿಗೆ ಸ್ಕೂಲ್ ಬಿಟ್ಟೋನು ವಿಜ್ಞಾನಕ್ಕೇ ಪಾಠ ಹೇಳ್ತೀಯೇನಪ್ಪಾ?” ಎಂದರು. ಸ್ಕೂಲು ಬಿಟ್ಟಿದ್ದೆ, ಅಕ್ಷರ ಬಿಟ್ಟಿರಲಿಲ್ಲ. ತಮ್ಮ ಜೊತೆ ಬಂದ ಪುಸ್ತಕದ ಏಳನೇ ಪುಟ ತೆಗೆದು, ‘ಬಣ್ಣ ಅಂಟಿದ ಚರ್ಮವನ್ನು ಅಳೆಯಬಾರದು’ ಎಂಬ ಸಾಲನ್ನು ತೋರಿಸಿದೆ. ಗುಂಡಿ ಎಲ್ಲಿದೆ ಎಂಬುದು ನಾಲ್ಕನೇ ಪುಟದಲ್ಲೇ ಸಿಕ್ಕಿದ್ದರಿಂದ ಅವರು ಮುಂದೆ ಓದುವ ಅಗತ್ಯ ಬಿದ್ದಿರಲಿಲ್ಲವಂತೆ. ಕೊನೆಗೆ ಅವರೆದುರೇ, ನನ್ನ ತೊಟ್ಟಿಯಿಂದ ಬಂದ ಒಂದು ಹೊಸ ಟವೆಲನ್ನು ಮಡಿಸಿ ತಮ್ಮ ಗಾಜಿನ ಮೇಲಿಟ್ಟೆ. ತೊಂಬತ್ತಾರು! ‘ಅಭಿನಂದನೆಗಳು, ನೀವು ದಿನಕ್ಕೆ ಐದು ಬಾರಿ ತರಕಾರಿ ಸೇವಿಸುತ್ತಿದ್ದೀರಿ’ ಎಂಬ ಚೀಟಿಯೂ ಹೊರಬಂತು. ಉಪಕರಣದ ದುರ್ಬಳಕೆಗಾಗಿ ನನಗೆ ಮೆಮೊ ಸಿಕ್ಕಿತು. ಟವೆಲ್ಲಿನ ಅಂಕವನ್ನು ಮಾತ್ರ ನಮ್ಮ ವಿಭಾಗದ ಸರಾಸರಿಯಿಂದ ಇನ್ನೂ ತೆಗೆದಿಲ್ಲ.

ಸೋಮವಾರ ಕೊನೆಯ ಅಳತೆ. ಟವೆಲ್ಲಿನ ಸಂಗತಿ ಕಿವಿಗೆ ಬಿದ್ದು ನಿನ್ನೆ ತೊಳೆಯುವ ವಿಭಾಗದ ಹೆಂಗಸರು ಗುಂಪಾಗಿ ಬಂದು, “ಒಂದು ಮಗ್ಗು ಬಣ್ಣ ಕೊಡು ತಮ್ಮಾ, ಎಲ್ಲಾರೂ ಕೈ ಅದ್ದಿಕೊಂಡೇ ಹೋಗ್ತೀವಿ, ನಿಮ್ಮತ್ತೆ ಒಲೆ ಉಳೀಲಿ” ಎಂದರು. ಬಚ್ಚಿಡುವುದೇನಿದೆ, ಮಗ್ಗು ತುಂಬಿಸಿ ಹಿಡಿದಿದ್ದೆ. ಅಷ್ಟರಲ್ಲಿ ಅತ್ತೆಯೇ ಸೌಟು ಹಿಡಿದು ಬಂದಳು. “ಇಷ್ಟು ವರ್ಷ ಇವರ ತಟ್ಟೆಗೆ ಒಂದು ಕೊಳೆತ ಎಲೆ ಹಾಕಿಲ್ಲ ಕಣೋ. ಈಗ ಕೈಗೆ ಬಣ್ಣ ಬಳಿದು ಉಳಿಸ್ಕೊಂಡ್ರೆ ಅದು ನನ್ನ ಅಡುಗೆಮನೆ ಅಲ್ಲ, ನಿನ್ನ ನಾಲ್ಕನೇ ತೊಟ್ಟಿ. ಸುರಿ ವಾಪಸ್ಸು” ಎಂದಳು. ಸುರಿದೆ. ಹೆಂಗಸರು ಅವಳನ್ನೂ ಬೈದುಕೊಂಡು ಹೋದರು, ನನ್ನನ್ನೂ.

ಆದ್ದರಿಂದ ಮಾನ್ಯರಲ್ಲಿ ವಿನಂತಿ: ಸೋಮವಾರ ಮಧ್ಯಾಹ್ನ ತಾವು ಅರ್ಧ ಗಂಟೆ ಪ್ಲಗ್ಗಿನಿಂದ ಬಿಡುವು ಮಾಡಿಕೊಂಡು, ಕ್ಯಾಂಟೀನಿನ ಬೆಂಚಿಗೆ ದಯಮಾಡಿಸಿ, ಒಂದು ತಟ್ಟೆ ಪಲ್ಯ ಉಂಡು, ನಾಲಿಗೆ ಬೆಳೆಸಿಕೊಂಡು ತೀರ್ಪು ಕೊಡಬೇಕು. ಅಷ್ಟು ಆಗದಿದ್ದರೆ, ತಮ್ಮದೇ ಏಳನೇ ಪುಟದ ಮುಂದಿನ ಸಾಲಿನಂತೆ, ಬಣ್ಣವೂ ಸೋಪೂ ತಗುಲದ ಮೇಲ್ತೋಳಿನ ಒಳಭಾಗದಲ್ಲಿ ಎಲ್ಲರನ್ನೂ ಅಳೆಯಬೇಕು. ಅಲ್ಲಿ ಆ ಹೆಂಗಸರಿಗೆ ಎಷ್ಟು ಬರುತ್ತದೋ ನನಗೆ ಗೊತ್ತಿಲ್ಲ. ಕಡಿಮೆ ಬಂದರೂ ಅದು ಅವರು ತಿಂದದ್ದರ ಅಂಕ, ಅತ್ತೆ ಅದಕ್ಕೆ ತಲೆಬಾಗುತ್ತೇನೆ ಎಂದಿದ್ದಾಳೆ. ನನ್ನ ತೋಳನ್ನು ಆಗಲೇ ತಮ್ಮೆದುರು ಇಟ್ಟು ನೋಡಿದ್ದೇನೆ: ಹನ್ನೊಂದು. ಗೇಟಿನ ಫೋಟೋ ಇಳಿಸಿ, ತೊಂಬತ್ತೊಂದನ್ನು ವಾಪಸ್ ತೆಗೆದುಕೊಂಡು, ನನ್ನ ಹನ್ನೊಂದನ್ನು ನನ್ನ ಹೆಸರಿನ ಮುಂದೆ ಬರೆಸಿ. ಅಷ್ಟು ಮಾತ್ರ ನಾನು ಸಂಪಾದಿಸಿದ್ದು.

ತಮ್ಮ ಬೆಳಕನ್ನು ಕೈತುಂಬಾ ನುಂಗಿದ,
ತಮ್ಮ ವಿಶ್ವಾಸಿ,
ಮೂರನೇ ತೊಟ್ಟಿಯವನು

ವಿ.ಸೂ.: ಬಣ್ಣದ ವಿಭಾಗಕ್ಕೆ ಕೈಗವಸು ಕೊಡಿ ಎಂದು ನಾವು ಕಳೆದ ವರ್ಷದಿಂದ ಮೂರು ಅರ್ಜಿ ಹಾಕಿದ್ದೇವೆ. ಅವುಗಳನ್ನು ಯಾಕೆ ಮುಟ್ಟಿಲ್ಲವೆಂದು ಈಗ ಅರ್ಥವಾಯಿತು. ಕೈಗವಸು ಕೊಟ್ಟರೆ ನಮ್ಮ ಆರೋಗ್ಯ ಒಂದೇ ವಾರದಲ್ಲಿ ಎಂಬತ್ನಾಲ್ಕರಿಂದ ನೆಲಕಚ್ಚುತ್ತಿತ್ತು.